ಕೈಯೇ ಕೈಕೊಟ್ಟರೆ ಪಿಯಾನೋ ವಾದಕ ಏನು ಮಾಡುತ್ತಾನೆ?

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಒಂದು ಹಳೇ ವಿಡಿಯೊ ನೋಡಿದೆ. ಗಡ್ಡದ ಹಿರಿಯರೊಬ್ಬರು ಬರೀ ಎಡಗೈಯಲ್ಲಿ ಪಿಯಾನೋ ನುಡಿಸುತ್ತಿದ್ದರು. ಬಲಗೈ ಸುಮ್ಮನೆ ಪಕ್ಕದಲ್ಲಿತ್ತು. ಕಣ್ಣು ಮುಚ್ಚಿಕೊಂಡು ಕೇಳಿದರೆ ಎರಡು ಕೈ ಅಂತಲೇ ಅನಿಸುತ್ತದೆ. ಹೆಸರು ಲಿಯೋನ್ ಫ್ಲೈಷರ್ ಅಂತಿತ್ತು. ಅವರ ಬಲಗೈಗೆ ಏನಾಗಿತ್ತು? ಒಂದೇ ಕೈಯಲ್ಲಿ ಜೀವನ ಹೇಗೆ ನಡೆಯಿತು? ಕೇಳಲು ಕಾರಣವಿದೆ. ನನ್ನ ಮಗಳಿಗೆ 13 ವರ್ಷ. ಪಿಯಾನೋದಲ್ಲಿ ಐದನೇ ಗ್ರೇಡ್ ಮುಗಿಸಿದ್ದಾಳೆ. ಕಛೇರಿ ಕೊಡುವ ಪಿಯಾನಿಸ್ಟ್ ಆಗಬೇಕು ಅಂತಾಳೆ. ದಿನಕ್ಕೆ ನಾಲ್ಕೈದು ಗಂಟೆ ಕೂರುತ್ತಾಳೆ. ಒಂದು ತಿಂಗಳಿಂದ ಬಲ ಮಣಿಕಟ್ಟು ನೋವು ಅಂತಿದ್ದಾಳೆ. (ಮೈಸೂರಿನ ಓದುಗರು)

ಉತ್ತರ: ಮೊದಲು ಮಗಳ ವಿಷಯ. ಇವತ್ತು ಸಂಜೆ ಅವಳನ್ನು ಪಿಯಾನೋ ಮುಂದೆ ಕೂರಿಸಬೇಡಿ. ನಾಳೆಯೂ ಬೇಡ. ತಿಂಗಳಿಡೀ ಇರುವ ನೋವನ್ನು ತಾನಾಗಿ ಹೋಗುತ್ತದೆ ಅಂತ ಬಿಡಬಾರದು. ಡಾಕ್ಟರಿಗೆ ತೋರಿಸಿ, ಆಮೇಲೆ ಮಿಕ್ಕ ಮಾತು. ಹೆದರಿಕೊಳ್ಳಬೇಡಿ. ಫ್ಲೈಷರ್ ಅವರಿಗೆ ಆದದ್ದೇ ಬೇರೆ, ಇವಳಿಗೆ ಆಗಿರುವುದು ಬಹುಶಃ ಬೇರೆ. ಯಾಕೆ ಹಾಗನ್ನುತ್ತೇನೆ ಅನ್ನುವುದು ಮುಂದೆ ಬರುತ್ತದೆ.

ಕಣ್ಣು ಮುಚ್ಚಿದರೆ ಎರಡು ಕೈ ಕೇಳಿಸಿತು ಅಂದಿರಲ್ಲ, ಅದರ ಗುಟ್ಟು ಹೇಳುತ್ತೇನೆ. ಎಡಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಹೆಬ್ಬೆರಳು ಯಾವ ಕಡೆಗಿದೆ? ಬಲಕ್ಕೆ. ಪಿಯಾನೋದಲ್ಲಿ ಬಲಕ್ಕೆ ಹೋದಷ್ಟೂ ಸ್ವರ ಏರುತ್ತದೆ. ಅಂದರೆ ಎಡಗೈಯ ಗಟ್ಟಿ ಬೆರಳು ಸರಿಯಾಗಿ ಹಾಡು ಇರುವ ಕಡೆಗೇ ಕೂತಿದೆ. ಹೆಬ್ಬೆರಳು ಹಾಡುತ್ತದೆ, ಉಳಿದ ನಾಲ್ಕು ಕೆಳಗಿನದನ್ನು ನೋಡಿಕೊಳ್ಳುತ್ತವೆ. ಕಿರುಬೆರಳು ಎಡ ತುದಿಯ ಮಂದ್ರ ಸ್ವರವೊಂದನ್ನು ಮುಟ್ಟುತ್ತದೆ, ತಕ್ಷಣ ಇಡೀ ಕೈ ಮೇಲಕ್ಕೆ ಹಾರುತ್ತದೆ. ಅಷ್ಟರಲ್ಲಿ ಬಲಗಾಲು ಪೆಡಲ್ ಒತ್ತಿರುತ್ತದೆ. ಪೆಡಲ್ ಒತ್ತಿದ್ದರೆ ಬೆರಳು ತೆಗೆದರೂ ತಂತಿ ಮೊಳಗುತ್ತಲೇ ಇರುತ್ತದೆ. ಕಿವಿಗೆ ಕೆಳಗಿನ ಸ್ವರವೂ ಸಿಕ್ಕಿತು, ಮೇಲಿನ ಹಾಡೂ ಸಿಕ್ಕಿತು. ಕೈ ಮಾತ್ರ ಒಂದೇ.

ಈಗ ಬಲಗೈ ಇಟ್ಟು ನೋಡಿ. ಹಾಡಿನ ಕಡೆಗೆ ಬಡಪಾಯಿ ಕಿರುಬೆರಳು! ಅದಕ್ಕೇ ಬರೀ ಎಡಗೈಗೆ ಬರೆದ ಸಂಗೀತ ಬೇಕಾದಷ್ಟಿದೆ. ಬರೀ ಬಲಗೈಗೆ ಬರೆದದ್ದನ್ನು ಹುಡುಕಬೇಕು. ಇನ್ನೂ ಒಂದು ಕಾರಣ ಇದೆ. ಮಾಮೂಲಿ ಪಿಯಾನೋ ಸಂಗೀತದಲ್ಲಿ ಜಾಸ್ತಿ ದುಡಿಯುವುದು ಬಲಗೈ. ಕೆಡುವುದೂ ಅದೇ.

ಇನ್ನು ಫ್ಲೈಷರ್. ಹುಟ್ಟಿದ್ದು 1928ರ ಜುಲೈ 23ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ಅಪ್ಪನದು ಹೆಂಗಸರ ಟೋಪಿ ಮಾಡುವ ವ್ಯಾಪಾರ. ಪಿಯಾನೋ ಪಾಠ ಇಟ್ಟಿದ್ದು ಅಣ್ಣನಿಗೆ, ತಮ್ಮನಿಗಲ್ಲ. ಅಣ್ಣ ಪಾಠ ಮುಗಿಸಿ ಆಟಕ್ಕೆ ಓಡಿದ ಮೇಲೆ ಪುಟ್ಟ ಲಿಯೋನ್ ಹೋಗಿ ಕೂತು, ಅದೇ ಪಾಠವನ್ನು ಕಿವಿಯಲ್ಲಿ ಕೇಳಿದ ಹಾಗೇ ನುಡಿಸುತ್ತಿದ್ದ. ಪಾಠ ಯಾರಿಗೆ ಇರಬೇಕು ಅನ್ನುವುದು ಬೇಗ ತೀರ್ಮಾನವಾಯಿತು. ಅಮ್ಮನಿಗೆ ಎರಡೇ ಆಸೆ. ಮಗ ಅಮೆರಿಕದ ಮೊದಲ ಯಹೂದಿ ಅಧ್ಯಕ್ಷ ಆಗಬೇಕು, ಇಲ್ಲವೇ ದೊಡ್ಡ ಪಿಯಾನಿಸ್ಟ್ ಆಗಬೇಕು. ನಡುವೆ ಇನ್ನೇನೂ ಇಲ್ಲ! ನಮ್ಮ ಕಡೆ ಇಂಜಿನಿಯರ್ ಇಲ್ಲಾಂದ್ರೆ ಡಾಕ್ಟರ್ ಅನ್ನುವ ಹಾಗೆ. ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರು. ಎಂಟನೇ ವಯಸ್ಸಿಗೆ ಮೊದಲ ಕಛೇರಿ.

ಆಗ ಆರ್ಟರ್ ಶ್ನಾಬೆಲ್ ಅಂತ ದೊಡ್ಡ ವಾದಕರಿದ್ದರು. ಬೀಥೋವನ್ ಬರೆದ 32 ಪಿಯಾನೋ ಸೊನಾಟಾಗಳನ್ನೂ ಮೊಟ್ಟಮೊದಲು ರೆಕಾರ್ಡ್ ಮಾಡಿದವರು. ಹಿಟ್ಲರ್ ಬಂದ ವರ್ಷ ಜರ್ಮನಿ ಬಿಟ್ಟು ಇಟಲಿಗೆ ಬಂದಿದ್ದರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವುದಿಲ್ಲ ಅನ್ನುವುದು ಅವರ ಕಟ್ಟುನಿಟ್ಟು. ಸ್ಯಾನ್ ಫ್ರಾನ್ಸಿಸ್ಕೊದ ಕಂಡಕ್ಟರ್ (ಆರ್ಕೆಸ್ಟ್ರಾ ಅನ್ನುವ ದೊಡ್ಡ ವಾದ್ಯಮೇಳವನ್ನು ನಡೆಸುವವರು) ಆಲ್ಫ್ರೆಡ್ ಹರ್ಟ್ಸ್ ಒಂದು ಉಪಾಯ ಮಾಡಿದರು. ಶ್ನಾಬೆಲ್ ಅವರನ್ನು ಮನೆಗೆ ಊಟಕ್ಕೆ ಕರೆದರು. ಅವರು ಊಟಕ್ಕೆ ಕೂತಾಗ ಹುಡುಗನನ್ನು ಸದ್ದಿಲ್ಲದೆ ಒಳಗೆ ಕರೆಸಿದರು. ಊಟ ಮುಗಿಸಿ ಹಜಾರಕ್ಕೆ ಬಂದರೆ ಪಿಯಾನೋ ಮುಂದೆ ಹುಡುಗ ಕೂತಿದ್ದಾನೆ. ಕೇಳದೆ ಇನ್ನೇನು ಮಾಡುತ್ತಾರೆ? ಕೇಳಿದರು, ಒಪ್ಪಿದರು. ಒಂದು ಷರತ್ತು ಹಾಕಿದರು: ಕಲಿಯುವಾಗ ಕಛೇರಿ ಅಂತ ಓಡಾಡಕೂಡದು. ಬಾಲಪ್ರತಿಭೆ ಅಂತ ಊರೂರು ಮೆರೆಸುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1938ರಲ್ಲಿ ಒಂಬತ್ತು ವರ್ಷದ ಹುಡುಗ ಅಮ್ಮನ ಜೊತೆ ಇಟಲಿಯ ಕೋಮೊ ಸರೋವರದ ದಡಕ್ಕೆ ಹೋದ. ಮರುವರ್ಷ ಯುದ್ಧದ ಕಾರಣ ಗುರುಗಳೇ ನ್ಯೂಯಾರ್ಕಿಗೆ ಬಂದರು. ಪಾಠ ಒಟ್ಟು ಹತ್ತು ವರ್ಷ ನಡೆಯಿತು.

ನಮ್ಮಲ್ಲಿ ಗುರುಪರಂಪರೆ ಹೇಳಿಕೊಳ್ಳುತ್ತೇವಲ್ಲ, ಅವರಲ್ಲೂ ಉಂಟು. ಬೀಥೋವನ್ ಶಿಷ್ಯ ಚೆರ್ನಿ, ಚೆರ್ನಿ ಶಿಷ್ಯ ಲೆಶೆಟಿಟ್ಸ್ಕಿ, ಅವರ ಶಿಷ್ಯ ಶ್ನಾಬೆಲ್, ಅವರ ಶಿಷ್ಯ ಫ್ಲೈಷರ್. (ನಿಮ್ಮ ಮಗಳು ಗೊಣಗಿಕೊಂಡು ನುಡಿಸುವ ಬೆರಳಿನ ವ್ಯಾಯಾಮಗಳ ಪುಸ್ತಕ ಇದೇ ಚೆರ್ನಿಯವರದು ಇರಬಹುದು.) ಹುಡುಗನಾಗಿದ್ದ ಶ್ನಾಬೆಲ್‌ಗೆ ಗುರು ಲೆಶೆಟಿಟ್ಸ್ಕಿ ಒಂದು ಮಾತು ಹೇಳಿದ್ದರಂತೆ: ನೀನು ಯಾವತ್ತೂ ಪಿಯಾನಿಸ್ಟ್ ಆಗೋದಿಲ್ಲ, ನೀನು ಸಂಗೀತಗಾರ. ಬೈಗುಳವೋ ಹೊಗಳಿಕೆಯೋ ಗೊತ್ತಾಗದ ಮಾತು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶ್ನಾಬೆಲ್ ಪಾಠದಲ್ಲಿ ಒಬ್ಬ ಶಿಷ್ಯ ನುಡಿಸುವಾಗ ಮಿಕ್ಕವರೂ ಕೂತು ಕೇಳುತ್ತಿದ್ದರು. ಬೆರಳಿನ ಕಸರತ್ತಿನ ಮಾತು ಕಡಿಮೆ. ಈ ಸಾಲು ಎಲ್ಲಿಂದ ಹೊರಟಿದೆ, ಎಲ್ಲಿಗೆ ಹೋಗುತ್ತಿದೆ, ಈ ಸ್ವರ ಯಾಕೆ ಭಾರ, ಮುಂದಿನದು ಯಾಕೆ ಹಗುರ ಅನ್ನುವ ಚರ್ಚೆಯೇ ಜಾಸ್ತಿ. ಸ್ವರ ಮೊದಲು ಮನಸ್ಸಿನ ಕಿವಿಗೆ ಕೇಳಬೇಕು, ಆಮೇಲೆ ಬೆರಳು ಇಳಿಯಬೇಕು. ಮುಂದೆ ಫ್ಲೈಷರ್ ತಮ್ಮ ಶಿಷ್ಯರಿಗೂ ಜೀವನವಿಡೀ ಇದನ್ನೇ ಹೇಳಿದರು.

ಕಛೇರಿ ಜೀವನದ ಲೆಕ್ಕ ಹೀಗಿದೆ. 1944ರ ನವೆಂಬರಿನಲ್ಲಿ, 16ನೇ ವಯಸ್ಸಿಗೆ, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ಕಾರ್ನೆಗಿ ಹಾಲ್‌ನಲ್ಲಿ ಬ್ರಾಮ್ಸ್ ಅವರ ಮೊದಲ ಕನ್ಚೆರ್ಟೊ ನುಡಿಸಿದರು. ಕನ್ಚೆರ್ಟೊ ಅಂದರೆ ಒಂದು ವಾದ್ಯವನ್ನು ಮುಂದಿಟ್ಟು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ಇದು ಮುಕ್ಕಾಲು ಗಂಟೆಯ, ದೊಡ್ಡವರನ್ನೂ ಬೆವರಿಳಿಸುವ ಕೃತಿ. ಕಂಡಕ್ಟರ್ ಪಿಯೆರ್ ಮೊಂತೊ ಈ ಹುಡುಗ ಶತಮಾನಕ್ಕೊಮ್ಮೆ ಸಿಗುವವನು ಅನ್ನುವ ಅರ್ಥದಲ್ಲಿ ಹೊಗಳಿದರು. ಇಷ್ಟಾದ ಮೇಲೆ ದಾರಿ ಸಲೀಸು ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲ. ಇಪ್ಪತ್ತು ದಾಟುವಷ್ಟರಲ್ಲಿ ಕರೆಗಳು ಕಡಿಮೆಯಾದವು. ಬಾಲಪ್ರತಿಭೆ ಅನ್ನುವ ಹೊಸತನ ಹೋಗಿತ್ತು, ಹಿರಿಯ ಅನ್ನುವ ಹೆಸರು ಬಂದಿರಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಕೂತರು. ಮತ್ತೆ ಎಬ್ಬಿಸಿದ್ದು 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆ. ಅದನ್ನು ಗೆದ್ದ ಮೊದಲ ಅಮೆರಿಕನ್ ಇವರೇ.

ಆಮೇಲೆ ಹತ್ತು ಹನ್ನೆರಡು ವರ್ಷ ನಿಜವಾದ ಸುಗ್ಗಿ. ಕ್ಲೀವ್‌ಲೆಂಡ್ ಆರ್ಕೆಸ್ಟ್ರಾದ ಜಾರ್ಜ್ ಸೆಲ್ ಜೊತೆ ಬೀಥೋವನ್ ಅವರ ಐದೂ ಕನ್ಚೆರ್ಟೊ, ಬ್ರಾಮ್ಸ್ ಅವರ ಎರಡೂ ರೆಕಾರ್ಡ್ ಆದವು. ಸೆಲ್ ಶಿಸ್ತಿಗೆ ಹೆಸರಾದವರು, ಆರ್ಕೆಸ್ಟ್ರಾದವರು ಅವರೆದುರು ನಡುಗುತ್ತಿದ್ದರು. ಆ ರೆಕಾರ್ಡುಗಳನ್ನು ಇವತ್ತಿಗೂ ನನ್ನ ಶಿಷ್ಯರಿಗೆ ಮೊದಲು ಕೇಳಿಸುವುದು ನಾನು. ಮೇಲೆ ಮಿಂಚಿಲ್ಲ, ಒಳಗೆ ಲೆಕ್ಕ ಚುಕ್ತಾ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ನಿಮ್ಮ ಮಗಳು ಈ ಬದುಕನ್ನು ಬಯಸುತ್ತಿದ್ದಾಳಲ್ಲ. ವೀಣೆ, ಪಿಟೀಲು ನುಡಿಸುವವರು ತಮ್ಮ ವಾದ್ಯ ಹೊತ್ತುಕೊಂಡು ಹೋಗುತ್ತಾರೆ. ಪಿಯಾನಿಸ್ಟ್‌ಗೆ ಆ ಭಾಗ್ಯವಿಲ್ಲ. ದೊಡ್ಡ ಕಛೇರಿ ಪಿಯಾನೋ ಒಂಬತ್ತು ಅಡಿ ಉದ್ದ, ಅರ್ಧ ಟನ್ನಿನ ಹತ್ತಿರ ತೂಕ. ಹೋದ ಊರಿನಲ್ಲಿ ಯಾವುದಿದೆಯೋ ಅದೇ. ಒಂದರ ಕೀ ಭಾರ, ಇನ್ನೊಂದರದು ಸಡಿಲ. ಅದನ್ನು ಪಳಗಿಸಲು ಸಿಗುವುದು ಕೆಲವೇ ಗಂಟೆ. ಆರ್ಕೆಸ್ಟ್ರಾ ಜೊತೆ ರಿಹರ್ಸಲ್ ಒಂದೋ ಎರಡೋ. ಆಮೇಲೆ ಎರಡು ಮೂರು ಸಂಜೆ ಅದೇ ಕೃತಿ, ಪುಸ್ತಕ ನೋಡದೆ, ಬಾಯಿಪಾಠ. ಮಾರನೇ ದಿನ ಬೇರೆ ಊರು, ಬೇರೆ ಪಿಯಾನೋ, ಹೋಟೆಲ್ ಕೋಣೆ. ಕಛೇರಿ ಅಂದರೆ ನಮಗೆ ಕಾಣುವ ಎರಡು ಗಂಟೆ. ಉಳಿದ ಹೊತ್ತೆಲ್ಲ ಒಬ್ಬರೇ ಒಂದು ಕೋಣೆಯಲ್ಲಿ.

ಆ ಕೋಣೆಯಲ್ಲೇ ಎಡವಟ್ಟಾಯಿತು. ದಿನಕ್ಕೆ ಏಳೆಂಟು ಗಂಟೆ ಅಭ್ಯಾಸ. ಬೆರಳು ದಣಿದರೆ ಇನ್ನೂ ಜೋರು ಅಭ್ಯಾಸ. ಜಿಮ್ಮಿನಲ್ಲಿ ಕಬ್ಬಿಣ ಎತ್ತುವ ಹಾಗೆ ನಾನು ಪಿಯಾನೋ ಕೀಗಳ ಮೇಲೆ ಕಸರತ್ತು ಮಾಡುತ್ತಿದ್ದೆ ಅನ್ನುವ ಅರ್ಥದಲ್ಲಿ ಫ್ಲೈಷರ್ ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡರು. 1964ರಲ್ಲಿ ಬಲಗೈ ಸ್ವಲ್ಪ ಸೋಮಾರಿ ಆದಂತೆ ಅನಿಸಿತು. ನೋವು ಗೀವು ಏನಿಲ್ಲ. ಆಮೇಲೆ ಉಂಗುರ ಬೆರಳು ಮತ್ತು ಕಿರುಬೆರಳು ತಾವಾಗಿ ಅಂಗೈ ಒಳಕ್ಕೆ ಮಡಚಿಕೊಳ್ಳತೊಡಗಿದವು. ನೀಡು ಅಂದರೆ ನೀಡವು.

1965ರ ವಸಂತದಲ್ಲಿ ಕ್ಲೀವ್‌ಲೆಂಡ್ ಆರ್ಕೆಸ್ಟ್ರಾ ಸೋವಿಯತ್ ದೇಶಕ್ಕೆ ದೊಡ್ಡ ಪ್ರವಾಸ ಹೊರಟಿತ್ತು. ಶೀತಲ ಸಮರದ ದಿನಗಳು, ಸರ್ಕಾರವೇ ಕಳಿಸುತ್ತಿದ್ದ ಪ್ರವಾಸ. ಫ್ಲೈಷರ್ ನುಡಿಸಬೇಕಿದ್ದದ್ದು ಮೊಜಾರ್ಟ್ ಕನ್ಚೆರ್ಟೊ. ಹೊರಡುವ ಮೊದಲು ಸೆಲ್ ಇವರ ವಾದನ ಕೇಳಿ, ನೀನು ಬರುವುದು ಬೇಡ ಅಂದುಬಿಟ್ಟರು. ಅವರ ಜಾಗದಲ್ಲಿ ಬೇರೆ ಪಿಯಾನಿಸ್ಟ್ ಹೋದರು. ವಯಸ್ಸು 36. ಕಲಾವಿದನ ಏರುಗಾಲದಲ್ಲಿ ಕೈಯೇ ಕೈಕೊಟ್ಟಿತ್ತು.

ರೋಗದ ಹೆಸರು ಫೋಕಲ್ ಡಿಸ್ಟೋನಿಯಾ. ಇವರಿಗೆ ಆ ಹೆಸರು ಗೊತ್ತಾಗಲು ಕಾಲು ಶತಮಾನವೇ ಬೇಕಾಯಿತು. ಇದು ಸ್ನಾಯುವಿನ ಕಾಯಿಲೆಯಲ್ಲ, ಕೀಲಿನದೂ ಅಲ್ಲ, ಮಿದುಳಿನದು. ಮಿದುಳಿನಲ್ಲಿ ಪ್ರತಿ ಬೆರಳಿಗೂ ಒಂದೊಂದು ಗದ್ದೆ ಇದೆ ಅಂದುಕೊಳ್ಳಿ, ನಡುವೆ ಬದು ಇದೆ. ಒಂದೇ ಚಲನೆಯನ್ನು ವರ್ಷಗಟ್ಟಲೆ, ಲಕ್ಷಾಂತರ ಸಲ ಮಾಡಿದಾಗ ಕೆಲವರಲ್ಲಿ ಆ ಬದು ಒಡೆಯುತ್ತದೆ. ಒಂದರ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಆಗ ಮೂರನೇ ಬೆರಳು ಎತ್ತು ಅಂದರೆ ನಾಲ್ಕನೆಯದು ಮಡಚಿಕೊಳ್ಳುತ್ತದೆ. ವೃತ್ತಿಪರ ವಾದಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಬರುತ್ತದೆ ಅಂತ ಅಂದಾಜು. ಎಷ್ಟೋ ಜನಕ್ಕೆ ವಾದ್ಯ ಮುಟ್ಟಿದಾಗ ಮಾತ್ರ ಕಾಣಿಸುತ್ತದೆ, ಅದೇ ಕೈಯಲ್ಲಿ ಊಟ, ಶರ್ಟಿನ ಗುಂಡಿ ಎಲ್ಲ ಸರಾಗ. ಮತ್ತು ಸಾಮಾನ್ಯವಾಗಿ ಇದಕ್ಕೆ ನೋವಿರುವುದಿಲ್ಲ. ಮೊದಲೇ ಹೇಳಿದ್ದು ಇದೇ ಕಾರಣಕ್ಕೆ. ನಿಮ್ಮ ಮಗಳಿಗೆ ನೋವಿದೆ. ಇದು ಬಹುಶಃ ಜಾಸ್ತಿ ದುಡಿಸಿದ ಸ್ನಾಯು, ಸ್ನಾಯುರಜ್ಜುಗಳ ದೂರು. ಬೇಗ ಕಿವಿಗೊಟ್ಟರೆ ಹೆಚ್ಚಾಗಿ ವಾಸಿಯಾಗುತ್ತದೆ.

ಮುಂದಿನ ಕೆಲವು ವರ್ಷ ಫ್ಲೈಷರ್ ಪಾಲಿಗೆ ಕತ್ತಲು. ಮದುವೆ ಮುರಿಯಿತು. ಸಾಯುವ ಯೋಚನೆಯೂ ಬಂದಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಕೂದಲು ಬಿಟ್ಟರು, ಗಡ್ಡ ಬಿಟ್ಟರು, ವೆಸ್ಪಾ ಸ್ಕೂಟರ್ ತೆಗೆದುಕೊಂಡು ಸುತ್ತಿದರು. ಇಂಜೆಕ್ಷನ್, ಸಮ್ಮೋಹನ, ಮಾನಸಿಕ ಚಿಕಿತ್ಸೆ, ಆಪರೇಷನ್, ಯಾರು ಏನು ಹೇಳಿದರೂ ಮಾಡಿ ನೋಡಿದರು. ನಮ್ಮಲ್ಲಿ ಹರಕೆ ಹೊರುವ ಹಾಗೆ. ಬಲಗೈ ಕದಲಲಿಲ್ಲ.

ಎಡಗೈ ಸಂಗೀತ ಇದೆಯಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಮುಟ್ಟಿದರೆ ಬಲಗೈ ಹೋಯಿತು ಅಂತ ಒಪ್ಪಿಕೊಂಡ ಹಾಗಲ್ಲವೇ? ಈ ಹಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೆ 22 ಆಗಿದ್ದಾಗ ಡಿಪ್ಲೊಮಾ ಪರೀಕ್ಷೆಗೆ ಮುಂಚೆ ಬಲ ಮಣಿಕಟ್ಟು ಊದಿಕೊಂಡಿತ್ತು. ಆಗಿನ ನನ್ನ ಮೇಷ್ಟ್ರು, ನೋವು ಬಂದರೆ ಕೈ ಪಳಗುತ್ತಿದೆ ಅಂತರ್ಥ, ನಿಲ್ಲಿಸಬೇಡ ಅಂದರು. ನಿಲ್ಲಿಸಲಿಲ್ಲ. ಪರೀಕ್ಷೆ ಹೋಯಿತು, ಜೊತೆಗೆ ಏಳು ತಿಂಗಳು ಬಲಗೈಯಲ್ಲಿ ಕಾಫಿ ಲೋಟ ಎತ್ತಲೂ ಆಗಲಿಲ್ಲ. ಸ್ನೇಹಿತರೊಬ್ಬರು ರಷ್ಯಾದ ಸ್ಕ್ರಿಯಾಬಿನ್ ಎಡಗೈಗೆ ಬರೆದ ನಾಕ್ಟರ್ನ್ ಅನ್ನುವ ಸಣ್ಣ ಕೃತಿ ತಂದುಕೊಟ್ಟರು. ಎರಡು ತಿಂಗಳು ಅದನ್ನು ಕಪಾಟಿನಿಂದ ಹೊರಗೇ ತೆಗೆಯಲಿಲ್ಲ. ಆಮೇಲೆ ತಿಳಿಯಿತು, ಸ್ಕ್ರಿಯಾಬಿನ್ 1894ರಲ್ಲಿ ಅದನ್ನು ಬರೆದದ್ದೂ ಹೀಗೇ ಅತಿ ಅಭ್ಯಾಸ ಮಾಡಿ ಬಲಗೈ ಕೆಡಿಸಿಕೊಂಡ ಮೇಲೆ. ಬ್ರಾಮ್ಸ್ 1877ರಲ್ಲಿ ಬಾಖ್ ಅವರ ಪಿಟೀಲಿನ ಶಕಾನ್ ಕೃತಿಯನ್ನು ಎಡಗೈ ಪಿಯಾನೋಗೆ ತಿರುಗಿಸಿ ಪಿಯಾನಿಸ್ಟ್ ಕ್ಲಾರಾ ಶೂಮನ್ ಅವರಿಗೆ ಕಳಿಸಿದರು. ಅದು ತಲುಪುವಾಗ ಕ್ಲಾರಾ ಅವರ ಬಲಗೈ ಉಳುಕಿತ್ತು. ಈ ಸಾಲಿನಲ್ಲಿ ಎಂಥೆಂಥವರು ನಿಂತಿದ್ದಾರೆ ಅಂತ ನೋಡಿ ಸ್ವಲ್ಪ ಸಮಾಧಾನ ಆಯಿತು, ನಾಚಿಕೆಯೂ ಆಯಿತು.

ಎಡಗೈ ಸಂಗೀತದ ನಿಜವಾದ ಯಜಮಾನ ಮಾತ್ರ ಇವರಾರೂ ಅಲ್ಲ, ಪಾಲ್ ವಿಟ್ಗೆನ್‌ಸ್ಟೈನ್. ತತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಅವರ ಅಣ್ಣ. ವಿಯೆನ್ನಾದ ಭಾರಿ ಶ್ರೀಮಂತರು, ಅಪ್ಪನದು ಉಕ್ಕಿನ ಉದ್ಯಮ. 1913ರ ಡಿಸೆಂಬರಿನಲ್ಲಿ ಮೊದಲ ಕಛೇರಿ ಆಯಿತು. ಮರುವರ್ಷ ಮೊದಲ ಮಹಾಯುದ್ಧಕ್ಕೆ ಹೋದರು. ಹೋದ ಕೆಲವೇ ವಾರದಲ್ಲಿ ಗುಂಡು ತಗಲಿತು, ಬಲಗೈ ಕತ್ತರಿಸಿದರು. ಆಸ್ಪತ್ರೆಯಲ್ಲಿದ್ದಾಗಲೇ ರಷ್ಯನ್ನರ ಸೆರೆಯಾಗಿ ಸೈಬೀರಿಯಾದ ಓಮ್ಸ್ಕ್ ಸೇರಿದರು. ಅಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಇದ್ದಿಲಿನಲ್ಲಿ ಕೀಗಳನ್ನು ಬರೆದುಕೊಂಡರು. ಉಳಿದ ಎಡಗೈಯ ಐದು ಬೆರಳಲ್ಲಿ ಆ ಪೆಟ್ಟಿಗೆ ಬಡಿಯುತ್ತಾ, ಮನಸ್ಸಿನಲ್ಲಿ ಸ್ವರ ಕೇಳಿಸಿಕೊಳ್ಳುತ್ತಾ, ಎರಡು ಕೈಯ ಕೃತಿಗಳನ್ನು ಒಂದಕ್ಕೆ ಇಳಿಸುತ್ತಾ ಕೂತರು. ಸದ್ದಿಲ್ಲದ ಪಿಯಾನೋ! ಇವರೂ ಲೆಶೆಟಿಟ್ಸ್ಕಿ ಶಿಷ್ಯರೇ. ಅಂದರೆ ಸಂಬಂಧದಲ್ಲಿ ಫ್ಲೈಷರ್ ಅವರಿಗೆ ಒಂದು ರೀತಿ ಚಿಕ್ಕಪ್ಪ ಆಗಬೇಕು.

ಊರಿಗೆ ಮರಳಿದ ಮೇಲೆ ದುಡ್ಡಿಗೇನು ಕಡಿಮೆ, ದೊಡ್ಡ ದೊಡ್ಡ ಸಂಗೀತಕಾರರಿಗೆ ಹಣ ಕೊಟ್ಟು ಎಡಗೈಗೆ ಕೃತಿ ಬರೆಸಿದರು. ರಿಚರ್ಡ್ ಸ್ಟ್ರಾಸ್, ಬೆಂಜಮಿನ್ ಬ್ರಿಟನ್, ಪ್ರೊಕೋಫಿಯೆವ್, ಹಿಂಡೆಮಿತ್, ರವೆಲ್. ಮನುಷ್ಯ ಮಾತ್ರ ಬಲು ತಗಾದೆಯವರು. ಪ್ರೊಕೋಫಿಯೆವ್ ಕೃತಿಯ ಒಂದು ಸ್ವರವೂ ಅರ್ಥವಾಗಲಿಲ್ಲ, ನುಡಿಸೋದಿಲ್ಲ ಅಂತ ಬರೆದು ತಿಳಿಸಿದರು. ರವೆಲ್ ಕೃತಿಯಲ್ಲಿ ತಮಗೆ ಬೇಕಾದ ಹಾಗೆ ತಿದ್ದಿ, ರವೆಲ್ ಕೈಲಿ ಬೈಸಿಕೊಂಡರು. ಆ ರವೆಲ್ ಕನ್ಚೆರ್ಟೊ 1932ರ ಜನವರಿಯಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂತು. ಆರಂಭದಲ್ಲಿ ಬೆಳಕೇ ಇಲ್ಲದ ಬಾವಿಯೊಳಗಿನ ಗೊಣಗಾಟದಂತೆ ಕಾಂಟ್ರಾಬಸೂನ್ ಅನ್ನುವ ಮಂದ್ರದ ಊದುವಾದ್ಯ ನುಡಿಯುತ್ತದೆ. ನಿಧಾನಕ್ಕೆ ಇಡೀ ಆರ್ಕೆಸ್ಟ್ರಾ ಏಳುತ್ತದೆ. ತಟ್ಟನೆ ನಿಲ್ಲುತ್ತದೆ. ಎಡಗೈ ಒಂಟಿಯಾಗಿ ಒಳಗೆ ಬರುತ್ತದೆ, ಅದೂ 88 ಕೀಗಳ ಉದ್ದಕ್ಕೂ ಬೀಸಿಕೊಂಡು. ಇಡೀ ಕೃತಿ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಕೈ ಕೀಬೋರ್ಡಿನ ಬಲ ತುದಿಗೆ ಹೋದಾಗ ಮೈಯೇ ಓಲುತ್ತದೆ. ಅದಕ್ಕೇ ಎಡಗೈ ವಾದಕರು ಬಲಗೈಯಲ್ಲಿ ಬೆಂಚನ್ನೋ ಪಿಯಾನೋ ಅಂಚನ್ನೋ ಹಿಡಿದುಕೊಳ್ಳುವುದು. ಸುಮ್ನೆ ಕೂತಿದ್ದಂತೆ ಕಾಣುವ ಕೈ ಎಷ್ಟೋ ಸಲ ದುಡಿಯುತ್ತಿರುತ್ತದೆ.

ಫ್ಲೈಷರ್ ಅವರನ್ನು ಮತ್ತೆ ವೇದಿಕೆಗೆ ತಂದದ್ದು ಈ ರವೆಲ್ ಕೃತಿಯೇ. ಜೊತೆಜೊತೆಗೆ ಬೇರೆ ದಾರಿಗಳೂ ತೆರೆದವು. 1967ರಲ್ಲಿ ವಾಷಿಂಗ್ಟನ್‌ನಲ್ಲಿ ಗೆಳತಿ ಡೀನಾ ಕಾಸ್ಟನ್ ಜೊತೆ ಒಂದು ಸಣ್ಣ ವಾದ್ಯಮೇಳ ಕಟ್ಟಿದರು. ಅನ್ನಾಪೊಲಿಸ್, ಬಾಲ್ಟಿಮೋರ್ ಆರ್ಕೆಸ್ಟ್ರಾಗಳನ್ನು ನಡೆಸಿದರು. ಟ್ಯಾಂಗಲ್‌ವುಡ್ ಸಂಗೀತ ಕೇಂದ್ರದ ಮುಖ್ಯಸ್ಥರಾದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಪಾಠ. ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಯಲ್ಲಿ 1959ರಿಂದಲೇ ಕಲಿಸುತ್ತಿದ್ದರು. ಕೈ ಚೆನ್ನಾಗಿದ್ದಾಗ ಎಲ್ಲ ಮೇಷ್ಟ್ರುಗಳ ಹಾಗೆ ಶಿಷ್ಯನನ್ನು ಪಕ್ಕಕ್ಕೆ ಸರಿಸಿ, ನೋಡು ಹೀಗೆ ಅಂತ ನುಡಿಸಿ ತೋರಿಸಿದರೆ ಮುಗಿಯುತ್ತಿತ್ತು. ಈಗ ಆ ದಾರಿ ಮುಚ್ಚಿತು. ಬೇಕಾದ ನಾದವನ್ನು ಮಾತಿನಲ್ಲಿ ಹೇಳಬೇಕಾಯಿತು. ಪಾಠ ಹೇಳುವವರಿಗೆ ಇದು ಎಂಥ ಕಷ್ಟ ಅಂತ ಗೊತ್ತಾಗುತ್ತದೆ. ನುಡಿಸಿ ತೋರಿಸಿದರೆ ಶಿಷ್ಯ ನಕಲು ಮಾಡುತ್ತಾನೆ. ಮಾತಲ್ಲಿ ಹೇಳಿದರೆ ತಾನೇ ಹುಡುಕಬೇಕು. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್ಫ್‌ಮನ್, ಜೊನಾಥನ್ ಬಿಸ್ ಅವರಂಥವರು ಇವರ ಶಿಷ್ಯರು. ಒಬ್ಬರ ವಾದನ ಇನ್ನೊಬ್ಬರ ಹಾಗಿಲ್ಲ. ಲೆಶೆಟಿಟ್ಸ್ಕಿ ಹೇಳಿದ ಆ ಮಾತು ನೆನಪಿಸಿಕೊಳ್ಳಿ. ಕೈ ಹೋದ ಮೇಲೂ ಇವರ ಹತ್ತಿರ ಉಳಿದದ್ದು ಶ್ನಾಬೆಲ್ ಕಿವಿಯೊಳಗೆ ಇಟ್ಟು ಹೋದದ್ದು. ಕಿವಿಗೆ ಡಿಸ್ಟೋನಿಯಾ ಬಂದಿರಲಿಲ್ಲ.

1982ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಹೊಸ ಸಭಾಂಗಣದ ಉದ್ಘಾಟನೆ. ಕೈಗೆ ಆಪರೇಷನ್ ಆಗಿತ್ತು, ಸ್ವಲ್ಪ ಗುಣ ಕಂಡಿತ್ತು. ಫ್ಲೈಷರ್ ಎರಡು ಕೈಯಲ್ಲಿ ನುಡಿಸುತ್ತಾರೆ ಅಂತ ಸುದ್ದಿಯಾಯಿತು. ಬೀಥೋವನ್ ನಾಲ್ಕನೇ ಕನ್ಚೆರ್ಟೊ ಅಂತಿದ್ದದ್ದು ಕೊನೆಗೆ ಕೈಗೆ ಸ್ವಲ್ಪ ಸುಲಭವಾದ ಫ್ರಾಂಕ್ ಅವರ ಕೃತಿಗೆ ಬದಲಾಯಿತು. ಟಿವಿ ಕ್ಯಾಮೆರಾಗಳು ಬಂದವು. ಚಪ್ಪಾಳೆಯೋ ಚಪ್ಪಾಳೆ. ಜನರಿಗೆ ಪವಾಡ. ಅವರಿಗೆ ಮಾತ್ರ ನುಡಿಸುವಾಗಲೇ ಗೊತ್ತಿತ್ತು, ಕೈ ಸರಿಹೋಗಿಲ್ಲ ಅಂತ. ಒಂದು ಸಂಜೆಯ ಮಟ್ಟಿಗೆ ಏಮಾರಿಸಿದ್ದರು ಅಷ್ಟೆ. ಮುಂದಿನ ಕಛೇರಿಗಳನ್ನು ಬಿಟ್ಟು ಮತ್ತೆ ಎಡಗೈಗೆ ಮರಳಿದರು. 1965ರ ಪೆಟ್ಟಿಗಿಂತ ನನಗೆ ಈ ಸಂಜೆಯೇ ಜಾಸ್ತಿ ಕಾಡುತ್ತದೆ.

ಪರಿಹಾರ ಬಂದದ್ದು 1990ರ ದಶಕದಲ್ಲಿ, ಎರಡು ಕಡೆಯಿಂದ. ಒಂದು, ಗಂಟುಗಟ್ಟಿದ ಸ್ನಾಯುಗಳನ್ನು ಆಳವಾಗಿ ತಿಕ್ಕಿ ಬಿಡಿಸುವ ರೋಲ್ಫಿಂಗ್. ಇನ್ನೊಂದು ಬೊಟಾಕ್ಸ್. ಸಿನಿಮಾದವರು ಸುಕ್ಕು ಹೋಗಲು ಹಾಕಿಸಿಕೊಳ್ಳುವ ಅದೇ ಬೊಟಾಕ್ಸ್! ನರ ಸ್ನಾಯುವಿಗೆ ಕುಗ್ಗು ಅನ್ನಬೇಕಾದರೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಿಡುತ್ತದೆ. ಬೊಟಾಕ್ಸ್ ಅದನ್ನು ತಡೆಯುತ್ತದೆ. ಮುಂಗೈಯಲ್ಲಿ ಬೆರಳನ್ನು ಮಡಚುವ ಸ್ನಾಯುವಿಗೆ ಬಹಳ ಸಣ್ಣ ಪ್ರಮಾಣದಲ್ಲಿ ಚುಚ್ಚಿದರೆ ಅದರ ಬಿಗಿ ಇಳಿಯುತ್ತದೆ. ಕೆಲವು ತಿಂಗಳಿಗೆ ಪ್ರಭಾವ ಹೋಗುತ್ತದೆ, ಮತ್ತೆ ಚುಚ್ಚಿಸಬೇಕು. ಅವರು ವಾಸಿಯಾಯಿತು ಅನ್ನಲಿಲ್ಲ. ಕಾಯಿಲೆ ಅಲ್ಲೇ ಇತ್ತು, ಅದನ್ನು ಸಂಭಾಳಿಸಿಕೊಂಡು ನುಡಿಸಿದರು. 1995ರಲ್ಲಿ ಕ್ಲೀವ್‌ಲೆಂಡ್ ಆರ್ಕೆಸ್ಟ್ರಾ ಜೊತೆಯೇ ಮೊಜಾರ್ಟ್ ಕನ್ಚೆರ್ಟೊ ಎರಡು ಕೈಯಲ್ಲಿ ಬಂತು. 2004ರಲ್ಲಿ ಎರಡು ಕೈಗಳು ಅನ್ನುವ ಅರ್ಥದ ಹೆಸರಿಟ್ಟು ಒಂದು ಆಲ್ಬಂ ತಂದರು.

ಅದೇ ವರ್ಷ ಇನ್ನೊಂದು ಸ್ವಾರಸ್ಯ ನಡೆಯಿತು. ವಿಟ್ಗೆನ್‌ಸ್ಟೈನ್ 1923ರಲ್ಲಿ ಹಿಂಡೆಮಿತ್ ಕೈಲಿ ಬರೆಸಿ, ಇಷ್ಟವಾಗದೆ ಯಾರಿಗೂ ಕೊಡದೆ ಮುಚ್ಚಿಟ್ಟಿದ್ದ ಎಡಗೈ ಕೃತಿಯೊಂದಿತ್ತು. ಅವರ ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದ ತೋಟದ ಮನೆಯೊಂದರಲ್ಲಿ ಅದು ಸಿಕ್ಕಿತು. 2004ರ ಡಿಸೆಂಬರಿನಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಮತ್ತು ಸೈಮನ್ ರ್‍ಯಾಟಲ್ ಜೊತೆ ಅದನ್ನು ಲೋಕಕ್ಕೆ ಮೊದಲ ಸಲ ಕೇಳಿಸಿದ್ದು 76 ವರ್ಷದ ಫ್ಲೈಷರ್. ಎರಡು ಕೈಯ ಆಲ್ಬಂ ಬಂದ ವರ್ಷವೇ ಎಡಗೈಗೆ ಎಂಬತ್ತು ವರ್ಷ ಕಾದಿದ್ದ ಕೃತಿ ಸಿಕ್ಕಿತು.

2007ರಲ್ಲಿ ಅಮೆರಿಕದ ಕೆನಡಿ ಸೆಂಟರ್ ಗೌರವ ಬಂತು. ಮೂರನೇ ಪತ್ನಿ ಕ್ಯಾಥರೀನ್ ಜೇಕಬ್‌ಸನ್ ಕೂಡ ಪಿಯಾನಿಸ್ಟ್, ಒಂದೇ ಪಿಯಾನೋ ಮುಂದೆ ಇಬ್ಬರೂ ಕೂತು ನುಡಿಸುತ್ತಿದ್ದರು. 2020ರ ಆಗಸ್ಟ್ 2ರಂದು ಬಾಲ್ಟಿಮೋರಿನಲ್ಲಿ ತೀರಿಕೊಂಡಾಗ 92 ವರ್ಷ.

ಈಗ ನಿಮ್ಮ ಮನೆಯ ಪಿಯಾನೋಗೆ ಬರೋಣ. 13 ವರ್ಷಕ್ಕೆ ನಾಲ್ಕೈದು ಗಂಟೆ ಒಟ್ಟಿಗೆ ಕೂರುವುದು ಜಾಸ್ತಿಯಾಯಿತು. ಡಾಕ್ಟರ್ ಸರಿ ಅಂದ ಮೇಲೆ ಹತ್ತು ನಿಮಿಷದಿಂದ ಶುರು ಮಾಡಲಿ. ಆಮೇಲೂ 25 ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ. ಸ್ಟೂಲಿನ ಎತ್ತರ ನೋಡಿ: ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಇರಬೇಕು. ಗ್ರೇಡ್ ಏರಿದ ಹಾಗೆ ದೂರದೂರದ ಸ್ವರಗಳನ್ನು ಒಟ್ಟಿಗೆ ಹಿಡಿಯುವ ಪೀಸ್‌ಗಳು ಬರುತ್ತವೆ. ಅವಳ ಕೈ ಇನ್ನೂ ಬೆಳೆಯುತ್ತಿದೆ, ಎಳೆದು ಹಿಗ್ಗಿಸುವ ಪೀಸ್ ಬೇಡ ಅಂತ ಮೇಷ್ಟ್ರಿಗೆ ನೀವೇ ಹೇಳಿ. ಮನೆಯಲ್ಲಿ ಹಗುರ ಕೀಬೋರ್ಡ್, ಕ್ಲಾಸಿನಲ್ಲಿ ಭಾರದ ಪಿಯಾನೋ ಅಂತೇನಾದರೂ ಇದ್ದರೆ ಅದೂ ಮಣಿಕಟ್ಟಿಗೆ ಪೆಟ್ಟೇ.

ಕೈಗೆ ರಜೆ ಇರುವಾಗ ಅವಳು ಸುಮ್ಮನೆ ಕೂರಬೇಕಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದು ಪುಟವನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲಿ. ಹಾಡಿನ ಸಾಲನ್ನು ಬಾಯಲ್ಲಿ ಹಾಡಲಿ. ಎಲ್ಲಿ ಮಸುಕಾಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಲಿ. ನಾನು ಎಲ್ಲ ಶಿಷ್ಯರಿಗೂ ಇದನ್ನು ಮಾಡಿಸುತ್ತೇನೆ. ಬೆರಳು ತಡವರಿಸುವ ಜಾಗವೂ ಆ ಗುರುತಿನ ಜಾಗವೂ ಹತ್ತರಲ್ಲಿ ಎಂಟು ಸಲ ಒಂದೇ ಇರುತ್ತದೆ.

ಮಗಳ ವೃತ್ತಿಯ ಆಸೆ ಹೇಳಿದ್ದೀರಿ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬರೀ ಕಛೇರಿಯಿಂದ ಬದುಕುವ ಪಿಯಾನಿಸ್ಟ್‌ಗಳು ಲೋಕದಲ್ಲೇ ಕಡಿಮೆ, ನಮ್ಮ ದೇಶದಲ್ಲಿ ಇನ್ನೂ ಕಡಿಮೆ. ಗಂಭೀರವಾಗಿ ಮುಂದುವರಿಯುವವರು ಹೆಚ್ಚಾಗಿ ಹೊರದೇಶದ ಸಂಗೀತ ಶಾಲೆಗೆ ಹೋಗುತ್ತಾರೆ. ಬಹುಪಾಲು ಜನ ಪಾಠ ಹೇಳುತ್ತಾರೆ, ಹಾಡುಗಾರರಿಗೆ ಪಕ್ಕವಾದ್ಯ ನುಡಿಸುತ್ತಾರೆ, ನಡುವೆ ಕಛೇರಿ ಕೊಡುತ್ತಾರೆ. ನಾನೂ ಆ ಗುಂಪಿನವನೇ, ನನಗೇನೂ ಬೇಜಾರಿಲ್ಲ. ನಿಮ್ಮೂರಿನ ಜಯಚಾಮರಾಜ ಒಡೆಯರ್ ಅವರಿಗೂ ಪಿಯಾನೋ ಎಂದರೆ ಪ್ರಾಣ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಪಿಯಾನಿಸ್ಟ್ ಮೆಟ್ನರ್ ಅವರ ರೆಕಾರ್ಡುಗಳಿಗೆ ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೇ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಮಗಳಿಗೆ ಇದನ್ನು ಹೇಳಿ, ಖುಷಿಯಾಗಬಹುದು.

ಡಾಕ್ಟರ್ ಏನು ಹೇಳಿದರು ಅಂತ ಬರೆಯಿರಿ. ಜೊತೆಗೆ ಒಂದು ಫೋಟೊ ಕಳಿಸಿ, ಅವಳು ಪಿಯಾನೋ ಮುಂದೆ ಕೂತದ್ದು, ಪಕ್ಕದಿಂದ ತೆಗೆದದ್ದು. ಮೊಣಕೈ, ಸ್ಟೂಲು ಎರಡೂ ಕಾಣಬೇಕು. ಕೈ ಕೀ ಮೇಲಿರುವುದು ಬೇಡ, ತೊಡೆ ಮೇಲೇ ಇರಲಿ.